ಮೂರು ಆವೃತ್ತಿಗೆ ಒಂದೇ ಫೋಲ್ಡರ್

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ಶನಿವಾರ ಅದು ಲ್ಯಾಪ್‌ಟಾಪಿನ ಮೇಲೆ ತಿರುಗಿತ್ತು. ಗುತ್ತೂರಿನ ಹತ್ತಿರ ತಗಡು ಒತ್ತುವ ಕಾರ್ಖಾನೆಯೊಂದರಲ್ಲಿ ಪ್ರೆಸ್ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಬರೆಯುವ ಸಾಫ್ಟ್‌ವೇರ್ ಒಂದೇ, ಆದರೆ ಅದರ ಮೂರು ಆವೃತ್ತಿಗಳನ್ನು ಹಾಕಿಕೊಂಡಿದ್ದೆ. ಹಳೆಯ ನಾಲ್ಕು ಪ್ರೆಸ್ಸುಗಳಿಗೆ ಹಳೆಯ ಆವೃತ್ತಿಯೇ ಬೇಕು, ಉಳಿದವಕ್ಕೆ ಹೊಸವು. ಒಂದೊಂದು ಆವೃತ್ತಿಗೂ ಒಂದೊಂದು ಪ್ಲಗಿನ್ ಫೋಲ್ಡರ್; ಪ್ಲಗಿನ್ ಅಂದರೆ ಸಾಫ್ಟ್‌ವೇರಿಗೆ ಹೆಚ್ಚಿನ ಕೆಲಸ ಕಲಿಸುವ ಸಣ್ಣ ತುಣುಕು. ಒಂದು ಪ್ಲಗಿನ್ ಬದಲಾದರೆ ಮೂರು ಕಡೆ ಹಾಕಬೇಕು. ಇವುಗಳ ಮನೆ ಹಾಳಾಗ ಎಂದು ಬೈದು, ಮೂರಕ್ಕೂ ಸೇರಿಸಿ ಒಂದೇ ಫೋಲ್ಡರ್ ಮಾಡಿ, ಪ್ಲಗಿನ್‌ಗಳನ್ನೆಲ್ಲ ಹೊಸದಕ್ಕೆ ಬದಲಿಸಿ, ಏನೋ ಗೆದ್ದವನ ಹಾಗೆ ಶಾಮನೂರಿನ ಮನೆಗೆ ಬೈಕ್ ಓಡಿಸಿದೆ.

ಅವುಗಳಲ್ಲೊಂದು ಪ್ಲಗಿನ್ ಕೈ ಕಾಯುವಂಥದ್ದು. ಪ್ರೆಸ್ ಇಳಿಯಬೇಕಾದರೆ ಎರಡೂ ಕೈಯಿಂದ ಎರಡು ಗುಂಡಿ ಒತ್ತಬೇಕು. ಆಗ ಕೈಗಳು ಹೊರಗೇ ಇರುತ್ತವೆ. ನಮ್ಮವರ ಚಾಳಿ ಬೇರೆ. ಎಡಗಡೆಯ ಗುಂಡಿಯನ್ನು ಸದಾ ಒತ್ತಿಯೇ ಇರುವಂತೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿ, ಎಡಗೈಯಲ್ಲಿ ತಗಡು ತಳ್ಳುತ್ತ ಬಲಗೈಯಲ್ಲಿ ಇನ್ನೊಂದು ಗುಂಡಿ ಒತ್ತುತ್ತಾರೆ. ಕೆಲಸ ಬೇಗ ಸಾಗುತ್ತದೆ. ಹಾಗೆ ಕಟ್ಟಿದ್ದರೆ ಪ್ರೆಸ್ ಇಳಿಯದಂತೆ ತಡೆಯುವ ಸಾಲುಗಳನ್ನು ಪ್ರೋಗ್ರಾಮಿಗೆ ಸೇರಿಸುವುದು ಆ ಪ್ಲಗಿನ್ನಿನ ಕೆಲಸ.

"ಅದೊಂದು ತೆಗೀರಿ ಸಾರ್, ನಿಮಗೆ ಪುಣ್ಯ ಬರ್ತೈತೆ" ಎಂದು ಸಾರಥಿ ಎಂಬ ಊರಿನಿಂದ ಬರುವ ಆಪರೇಟರ್ ಒಬ್ಬ ದಿನಾ ಗೋಗರೆಯುತ್ತಿದ್ದ.

"ಕೈ ಹೋದ್ರೆ ಅಂಟ್ಸಾಕೆ ನನ್ನತ್ರ ಗೋಂದಿಲ್ಲ, ಹೋಗಲೇ" ಎಂದು ನಾನು ರೇಗುತ್ತಿದ್ದೆ.

ಸೋಮವಾರ ಹಳೆಯ ನಾಲ್ಕೂ ಪ್ರೆಸ್ಸಿಗೆ ತಿದ್ದಿದ ಪ್ರೋಗ್ರಾಂ ತುಂಬಿದೆ. ಮಂಗಳವಾರ ಬೆಳಿಗ್ಗೆ ಅವನು ಮಂಡಕ್ಕಿ, ಮಿರ್ಚಿಯ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟ. "ತಿನ್ರಿ ಸಾರ್, ಬಿಸಿ ಐತೆ. ಕಡೀಗೂ ಮನಸ್ಸು ಕರಗ್ತಲ್ಲ ನಿಮ್ದು!" ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ತಿಂದೆ.

ಒಂದು ಗಂಟೆ ಕಳೆದಿರಬಹುದು, ಶೆಡ್ಡಿನಲ್ಲಿ ಕಿರುಚಾಟ ಎದ್ದಿತು. ಓಡಿಹೋಗಿ ನೋಡಿದರೆ ಅವನ ಎಡಗೈ ಅಚ್ಚಿನೊಳಗಿತ್ತು. ಕಿರುಚುತ್ತಿದ್ದವರು ಸುತ್ತ ನಿಂತವರು, ಅವನಲ್ಲ. ಪ್ರೆಸ್ ಮೇಲೆತ್ತಿದಾಗ ನಾಲ್ಕು ಬೆರಳು ತಗಡಿಗೇ ಅಂಟಿ ಉಳಿದವು, ರೊಟ್ಟಿಯಷ್ಟು ತೆಳ್ಳಗೆ. ರಕ್ತ ನನ್ನ ಅಂಗಿಗೆ ಸಿಡಿಯಿತು. ಗುಂಡಿಯ ಮೇಲೆ ಟ್ಯೂಬ್ ಬಿಗಿದಿತ್ತು. ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಬೈಗುಳವೇ: "ಲೇ ಮುಠ್ಠಾಳ, ಕಟ್ಟಬ್ಯಾಡ ಅಂದಿದ್ನಲ್ಲೋ!"

"ಕಟ್ಟಿದ್ರೂ ಇಳೀತಲ್ರೀ" ಎಂದ ಅವನು, ಕೈಯನ್ನೇ ನೋಡುತ್ತ. "ನೀವೇ ಬಿಟ್ಟೀರಿ ಅಂದ್ಕಂಡೆ."

ಅವನನ್ನು ಆಂಬುಲೆನ್ಸಿನಲ್ಲಿ ಕಳಿಸಿ ಲ್ಯಾಪ್‌ಟಾಪ್ ತೆರೆದೆ. ಹಳೆಯ ಆವೃತ್ತಿಯ ಅಡಿಯಲ್ಲಿ ಸಣ್ಣದೊಂದು ಹಳದಿ ಸಾಲು: ಒಂದು ಪ್ಲಗಿನ್ ಹೊಂದಲಿಲ್ಲ, ಬಿಡಲಾಗಿದೆ. ಹೊಸ ಪ್ಲಗಿನ್ ಅದಕ್ಕೆ ಅರ್ಥವೇ ಆಗಿರಲಿಲ್ಲ. ಕೈ ಕಾಯುವ ಸಾಲುಗಳಿಲ್ಲದ ಪ್ರೋಗ್ರಾಮನ್ನು ನಾನೇ ತುಂಬಿದ್ದೆ. ಪರದೆಗೆ ಗುದ್ದಿದೆ. ಅದು ಒಡೆದು ಗಾಜು ಮುಷ್ಟಿಗೆ ಚುಚ್ಚುವವರೆಗೂ ಗುದ್ದಿದೆ.

ಮ್ಯಾನೇಜರ್ ಬಂದು ಬಾಗಿಲು ಹಾಕಿದ. ನಡೆದದ್ದನ್ನೆಲ್ಲ ಹೇಳಿದೆ. "ಬಾಯಿ ಮುಚ್ಕಂಡಿರ್ರಿ. ಟ್ಯೂಬ್ ಕಟ್ಟಿದ್ದು ಅವ್ನೇ, ಫೋಟೋ ತೆಗ್ಸೀನಿ. ತಪ್ಪು ಅವಂದೇ ಅಂತ ಬರೀರಿ, ಕೆಲ್ಸದಿಂದ ತೆಗೆದ್ರಾತು" ಎಂದ. ಅವನ ಮಾತು ಮುಗಿಯುವ ಮೊದಲೇ ನನ್ನ ಮುಷ್ಟಿ ಅವನ ಬಾಯಿಗೆ ಬಿತ್ತು. ತುಟಿ ಹರಿಯಿತು. ಬಿದ್ದವನನ್ನು ಒದೆಯುತ್ತಿದ್ದೆ. ಇಬ್ಬರು ಬಂದು ನನ್ನನ್ನು ಎಳೆದು ಹೊರಹಾಕಿದರು.

ಹರಿಹರ ದಾಟಿ ದಾವಣಗೆರೆಯ ಆಸ್ಪತ್ರೆಗೆ ಹೇಗೆ ಬೈಕ್ ಓಡಿಸಿದೆನೋ ತಿಳಿಯದು. ವಾರ್ಡಿನ ಬಾಗಿಲಲ್ಲಿ ಆಪರೇಟರನ ಅಣ್ಣ ನಿಂತಿದ್ದ. ತಪ್ಪು ನನ್ನದು ಎಂದೆ. ಅವನು ನನ್ನ ಕಾಲರ್ ಹಿಡಿದು ಕೆನ್ನೆಗೆ ಬಾರಿಸಿದ, ತಲೆಯನ್ನು ಗೋಡೆಗೆ ಅಪ್ಪಳಿಸಿದ. ಮೂಗಿನಿಂದ ರಕ್ತ ಸುರಿಯಿತು. ನಾನು ಕೈ ಎತ್ತಲಿಲ್ಲ. ನಿಜ ಹೇಳಬೇಕೆಂದರೆ, ಏಟು ಬಿದ್ದಷ್ಟೂ ನನಗೆ ಹಗುರವಾಗುತ್ತಿತ್ತು.

ಒಳಗೆ ಅವನು ಆಪರೇಷನ್ನಿಗೆ ಕಾಯುತ್ತ ಮಲಗಿದ್ದ, ಕೈಗೆ ಬಟ್ಟೆ ಸುತ್ತಿದ್ದರು. ಹಳೆಯ ಆವೃತ್ತಿ, ಫೋಲ್ಡರ್, ಬಿಟ್ಟುಹೋದ ಸಾಲುಗಳು, ಎಲ್ಲ ಹೇಳಿದೆ. ಎಲ್ಲರ ಮುಂದೆಯೂ ಒಪ್ಪಿಕೊಳ್ಳುತ್ತೇನೆ ಎಂದೆ.

"ನಾಕೂ ಪ್ರೆಸ್ಸಿಗೆ ಅದನ್ನೇ ಹಾಕೀರಾ?"

"ಹೂಂ."

"ಮತ್ತೆ ಇಲ್ಲಿ ಯಾಕ ನಿಂತೀರಿ?" ಎದ್ದು ಕೂರಲು ಹೆಣಗುತ್ತ ಕಿರುಚಿದ. "ಉಳಿದ ಮೂರು ಓಡ್ತಾ ಅದಾವಲ್ರೀ! ಅವ್ರೂ ಟ್ಯೂಬ್ ಕಟ್ಟ್ಯಾರೆ!"

ಗುದ್ದಿದ್ದೆ, ಒದ್ದಿದ್ದೆ, ಏಟು ತಿಂದಿದ್ದೆ, ಆ ಮೂರರ ನೆನಪೇ ಆಗಿರಲಿಲ್ಲ. ಗೇಟಿನ ವಾಚ್‌ಮನ್‌ಗೆ ಫೋನ್ ಮಾಡಿ, ಮೇನ್ ಸ್ವಿಚ್ ಕೆಡವು, ಓಡು ಎಂದು ಅರಚಿದೆ. ಫೋನಿನಲ್ಲಿ ಅವನ ಏದುಸಿರು ಕೇಳುತ್ತಿತ್ತು, ಆಮೇಲೆ ಪ್ರೆಸ್ಸಿನ ಸದ್ದು. ಧಡ್. ಧಡ್. ಸ್ಪೀಕರ್ ಹಾಕಿ ಫೋನನ್ನು ಹಾಸಿಗೆಯ ಮೇಲಿಟ್ಟೆ. ಇನ್ನೊಂದು ಧಡ್. ಆಮೇಲೆ ಏನೂ ಇಲ್ಲ.

"ನಿಂತ್ವು ಸಾರ್."

"ಕೈ?" ಹಾಸಿಗೆಯಿಂದ ಅವನೇ ಕೇಳಿದ.

"ಎಲ್ಲರ ಕೈಯೂ ನೆಟ್ಟಗದಾವೆ."

"ಹಂಗಾದ್ರೆ ನಂದೊಂದೇ ಹೋಗಿದ್ದು" ಎಂದು ಅವನು ಗೋಡೆಯ ಕಡೆ ಹೊರಳಿದ. ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದವನು ಆಗ ಅಳತೊಡಗಿದ.