ಈ ಗಾಡಿ ನಿನಗಲ್ಲ ಕಣೇ

ನಮ್ಮ ಯಜಮಾನರು ಹಳೆಯ ಕಾರನ್ನು ಸ್ಟಾರ್ಟ್ ಮಾಡುತ್ತಿದ್ದ ವೈಭವವನ್ನು ನೀವು ನೋಡಬೇಕಿತ್ತು. ಮೊದಲು ಕೀಯನ್ನು ಅರ್ಧ ತಿರುಗಿಸಿ ಕಣ್ಣು ಮುಚ್ಚಿಕೊಂಡು ಕೂರುವುದು. ಆಮೇಲೆ ಆಕ್ಸಿಲರೇಟರನ್ನು ನೋವಾಗದ ಹಾಗೆ ಮೆಲ್ಲಗೆ ಅದುಮುವುದು. ನಂತರ ಸ್ಟೀರಿಂಗಿನ ಪಕ್ಕದಲ್ಲಿ ಬೆರಳಿನಿಂದ ತಟ್ಟುತ್ತಾ ಏನನ್ನೋ ಗೊಣಗುವುದು. ಅದು ಕೆಮ್ಮಿ, ನರಳಿ, ಕೊನೆಗೂ ಗುಡುಗುಟ್ಟಿದಾಗ ನನ್ನ ಕಡೆ ತಿರುಗಿ ಗೆದ್ದವರ ನಗೆ ನಗುವುದು. ಅಷ್ಟು ಹೊತ್ತಿಗೆ ನಾನು ಆಟೋ ಹಿಡಿದಿದ್ದರೆ ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದು ಹುಳಿಗೆ ಬೇಳೆ ಇಡಬಹುದಿತ್ತು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅವರು ಸರ್ಕಾರದ ರಸ್ತೆಗಳನ್ನು ಹಾಕಿಸಿ ನಿವೃತ್ತರಾದವರು. ಆ ರಸ್ತೆಗಳ ಮೇಲೆ ಓಡಿದ್ದಕ್ಕೇ ಕಾರಿಗೆ ಈ ಗತಿ ಬಂತು ಎಂದರೆ ಮಾತ್ರ ಅವರಿಗೆ ನಗು ಬರುವುದಿಲ್ಲ. ವಾಹನದ ಜ್ಞಾನ ತಮಗೆ ರಕ್ತದಲ್ಲೇ ಬಂದಿದೆ ಎಂದು ಅವರು ನಂಬಿದ್ದಾರೆ. ಅವರ ತಾತ ಅರಮನೆಯ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದರಂತೆ. ಇದ್ದದ್ದು ನಿಜ, ಹುಲ್ಲಿನ ಲೆಕ್ಕ ಬರೆಯುವ ಗುಮಾಸ್ತರಾಗಿ. ಅವರು ಕುದುರೆಯ ಹತ್ತಿರ ಹೋದದ್ದನ್ನು ಕಂಡವರು ಆ ಮನೆತನದಲ್ಲಿ ಯಾರೂ ಇಲ್ಲ.

ನನಗೂ ಡ್ರೈವಿಂಗ್ ಲೈಸೆನ್ಸ್ ಇದೆ. ಕೆಲಸದಲ್ಲಿದ್ದಾಗಲೇ ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಒಂದೇ ಏಟಿಗೆ ಪರೀಕ್ಷೆ ಪಾಸು ಮಾಡಿ ತೆಗೆದುಕೊಂಡದ್ದು. ಆ ಖುಷಿಯಲ್ಲಿ ನಮ್ಮ ಕಾರನ್ನು ಮನೆಯ ಹಿಂದಿನ ಬೀದಿಯಲ್ಲಿ ಒಂದು ಸುತ್ತು ಓಡಿಸಿದೆ. ಯಜಮಾನರು ಪಕ್ಕದಲ್ಲಿ ಹ್ಯಾಂಡ್ ಬ್ರೇಕ್ ಹಿಡಿದುಕೊಂಡೇ ಕೂತಿದ್ದರು. ದೂರದಲ್ಲಿ ಒಂದು ಹಸು ಕಂಡರೆ ಸಾಕು, "ಹಸು, ಹಸು!" ಎಂದು ಕೂಗುತ್ತಿದ್ದರು. ಹಸು ನಮ್ಮನ್ನು ನೋಡಿ ಮೇವು ಮೆಲ್ಲುತ್ತಾ ಪಕ್ಕಕ್ಕೆ ಸರಿಯಿತು. ಮನೆಗೆ ಬಂದು ಕೀ ಜೇಬಿಗೆ ಹಾಕಿಕೊಳ್ಳುತ್ತಾ ಅವರು ಹೇಳಿದ ಮಾತು ಇದು:

"ಈ ಗಾಡಿ ನಿನಗಲ್ಲ ಕಣೇ. ಇದಕ್ಕೆ ನನ್ನ ಕೈ ಒಗ್ಗಿಹೋಗಿದೆ. ಬೇರೆಯವರು ಮುಟ್ಟಿದ್ರೆ ಮುನಿಸ್ಕೊಳತ್ತೆ."

ಮುನಿಸಿಕೊಳ್ಳುವ ಹಕ್ಕು ನಮ್ಮ ಮನೆಯಲ್ಲಿ ಕಾರಿಗಿತ್ತು. ನಾನು ಲೈಸೆನ್ಸನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿಟ್ಟೆ. ಅವಧಿ ಮುಗಿದಾಗ ಅವರೇ ನನ್ನನ್ನು ಆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಅದನ್ನು ನವೀಕರಿಸಿಕೊಂಡು ಬಂದರು. ಕಾಗದ ಪತ್ರ ಸರಿಯಾಗಿರಬೇಕು ಎನ್ನುವ ವಿಚಾರದಲ್ಲಿ ಅವರು ಬಹಳ ಕಟ್ಟುನಿಟ್ಟು.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಸಿದ್ಧಾರ್ಥನಗರದಲ್ಲಿರುವ ನನ್ನ ಅಕ್ಕನಿಗೆ ಮಂಡಿಯ ಆಪರೇಷನ್ ಆಯಿತು. ಆಪರೇಷನ್ ಮಾಡಿದ ಡಾಕ್ಟರು ಒಂದೇ ಮಾತು ಹೇಳಿದರು: ಫಿಸಿಯೋಥೆರಪಿ ತಪ್ಪಿಸಬೇಡಿ, ಈಗ ಬಗ್ಗದ ಮಂಡಿ ಆಮೇಲೆ ಬಗ್ಗುವುದಿಲ್ಲ. ಅಕ್ಕನ ಮನೆಯಲ್ಲಿ ಕಾರಿಲ್ಲ. ಆಟೋಗೆ ಹತ್ತಿ ಇಳಿಯುವುದರಲ್ಲೇ ಅವಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಹಾಗಾಗಿ ಅವಳನ್ನು ಕರೆದುಕೊಂಡು ಹೋಗಿ ಬರುವ ಕೆಲಸ ನಮ್ಮ ಯಜಮಾನರದಾಯಿತು. ಅವರು ಇಲ್ಲವೆನ್ನಲಿಲ್ಲ. ಎಂದಿದ್ದರೆ ಚೆನ್ನಾಗಿತ್ತು. ದಾರಿಯುದ್ದಕ್ಕೂ ಕ್ಲಚ್ಚನ್ನು ಹೇಗೆ ಉಳಿಸಬೇಕು, ಟೈರಿಗೆ ಗಾಳಿ ಏಕೆ ಬೆಳಗ್ಗೆಯೇ ಹಿಡಿಸಬೇಕು, ಈಗಿನ ಜನಕ್ಕೆ ಇಂಡಿಕೇಟರ್ ಯಾಕಿದೆಯೆಂದೇ ಗೊತ್ತಿಲ್ಲ ಎಂದು ಉಪನ್ಯಾಸ ನಡೆಯುತ್ತಿತ್ತು. ಅಕ್ಕ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು "ಹೌದಾ, ಹೌದಾ" ಎನ್ನುತ್ತಿದ್ದಳು. ಅವಳ ಪಕ್ಕದ ಕಿಟಕಿಯ ಗಾಜು ತಾನಾಗಿ ನಿಲ್ಲುತ್ತಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡಿರಬೇಕಿತ್ತು. ಮಂಡಿಗೆ ವ್ಯಾಯಾಮ ಫಿಸಿಯೋಥೆರಪಿಯಲ್ಲಿ, ಕೈಗೂ ಕಿವಿಗೂ ನಮ್ಮ ಕಾರಿನಲ್ಲಿ.

ಕೆಲವು ವಾರಗಳಲ್ಲೇ ಅಕ್ಕ ನೆಪ ಹೇಳತೊಡಗಿದಳು. ಇವತ್ತು ತಲೆನೋವು, ಇವತ್ತು ಮನೆಗೆ ಯಾರೋ ಬರುತ್ತಾರೆ, ಇವತ್ತು ಮಂಡಿ ಚೆನ್ನಾಗಿಯೇ ಇದೆ. ಅವಳ ಮಂಡಿ ಚೆನ್ನಾಗಿರಲಿಲ್ಲ. ನನ್ನ ಕೈಗೆ ಒಂದು ಕಾರು ಸಿಕ್ಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಎಂದು ನನಗೆ ದಿನವೂ ಸಿಟ್ಟು ಬರುತ್ತಿತ್ತು.

ಆದ್ದರಿಂದ ನಾನು ಹೊಸ ಕಾರಿನ ಪಕ್ಷ ಸೇರಿದೆ. ಯಾರ ಕೈಗೂ ಒಗ್ಗದ, ಯಾರ ಮೇಲೂ ಮುನಿಸಿಕೊಳ್ಳದ ಹೊಸ ಕಾರು ಬಂದರೆ ನಾನೂ ಓಡಿಸಬಹುದು ಎನ್ನುವುದು ನನ್ನ ಲೆಕ್ಕ.

ವಿರೋಧ ಪಕ್ಷದ ನಾಯಕ ಉದಯಗಿರಿಯ ನಮ್ಮ ಮೆಕ್ಯಾನಿಕ್. ಯಜಮಾನರು ಬಾನೆಟ್ ಎತ್ತಿ ಮುಖ ಸಣ್ಣಗೆ ಮಾಡಿಕೊಂಡು ನಿಂತರೆ ಅವನು ಬಾಯಿ ತುಂಬ ಹೇಳುತ್ತಿದ್ದ: "ಇಂಜಿನ್ ಚಿನ್ನ ಸಾರ್! ಈಗಿನ್ ಗಾಡಿಗಳೆಲ್ಲ ಬರೀ ಡಬ್ಬ. ಇದನ್ನ ಮಾತ್ರ ಕೊಟ್ಬುಡ್ಬೇಡಿ." ಆ ಚಿನ್ನದ ಇಂಜಿನ್ನಿನ ಸುತ್ತ ಇದ್ದದ್ದೆಲ್ಲ ಒಂದೊಂದಾಗಿ ಬದಲಾಯಿತು. ರೇಡಿಯೇಟರು, ಕ್ಲಚ್ ಪ್ಲೇಟು, ಸೈಲೆನ್ಸರು, ಬ್ಯಾಟರಿ. "ಇಂಜಿನ್ ಅಷ್ಟು ಚಿನ್ನ ಆಗಿದ್ರೆ ಬಿಚ್ಚಿ ಮಾರ್ಬಿಡೋಣ್ವಾ?" ಎಂದು ನಾನು ಕೇಳಿದೆ. "ಅಮ್ಮಾವ್ರದ್ದು ಬರೀ ತಮಾಸೆ" ಎಂದು ನಕ್ಕು ಅವನು ಕಾರಿಗೆ ಹತ್ತಿ ಕೂತ. ಕಣ್ಣು ಮುಚ್ಚಲಿಲ್ಲ, ತಟ್ಟಲಿಲ್ಲ, ಗೊಣಗಲಿಲ್ಲ. ಕೀ ತಿರುಗಿಸಿದ. ಕಾರು ಸ್ಟಾರ್ಟ್ ಆಯಿತು.

ನಾನು ಯಜಮಾನರ ಮುಖ ನೋಡಿದೆ. ಅವರು ಆಕಾಶ ನೋಡಿದರು. ಮೆಕ್ಯಾನಿಕ್ ನಮ್ಮಿಬ್ಬರ ಮುಖವನ್ನೂ ನೋಡಿ, ವ್ಯಾಪಾರ ಕೆಡಬಾರದೆಂದು ತಕ್ಷಣ ಹೇಳಿದ: "ನಾನು ಮೆಕ್ಯಾನಿಕ್ ಅಲ್ವಾ ಅಮ್ಮ, ಎದ್ರುಕೊಂಡು ಸ್ಟಾರ್ಟ್ ಆಯ್ತದೆ. ಮನೇಲಿ ಸಾರ್ ಕೈಗೇ ಅದು ಬಗ್ಗೋದು."

ಮನೆಯ ಜಗಲಿಯ ಮೇಲೆ ಚರ್ಚೆಗೆ ಕೂರುತ್ತಿದ್ದವರು ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರದು ತಟಸ್ಥ ನೀತಿ, ಕಾಫಿ ಬರುವವರೆಗೆ ಹೊಸ ಕಾರು, ಬಂದ ಮೇಲೆ ಹಳೆ ಕಾರು. ಅಕ್ಕನ ಆಪರೇಷನ್ನಿಗೆ ಎಷ್ಟೋ ವರ್ಷ ಮೊದಲಿನಿಂದಲೂ, ಒಂದು ವೇಳೆ ಹೊಸ ಕಾರು ಎಂದೇ ತೀರ್ಮಾನವಾದರೂ ಪಂಚಾಂಗ ಅಡ್ಡ ಬರುತ್ತಿತ್ತು. ಆಷಾಢದಲ್ಲಿ ಹೊಸದು ಏನನ್ನೂ ಕೊಳ್ಳುವ ಹಾಗಿಲ್ಲ. ಶ್ರಾವಣದಲ್ಲಿ ಹಬ್ಬಗಳ ಗಲಾಟೆ. ಭಾದ್ರಪದದಲ್ಲಿ ಗಣೇಶ ಹೋದ ಮೇಲೆ ಪಿತೃಪಕ್ಷ. ನವರಾತ್ರಿಯಲ್ಲಿ ಕೊಳ್ಳಬಹುದು, ಆದರೆ ಆಯುಧಪೂಜೆಗೆ ಹಳೆ ಕಾರನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಅದರ ಮುಂದೆ ಬೂದುಗುಂಬಳ ಒಡೆದ ಮೇಲೆ ಮಾರಲು ಯಜಮಾನರಿಗೆ ಮನಸ್ಸು ಬರುವುದಿಲ್ಲ. "ಮೊನ್ನೆ ಕೈ ಮುಗಿದಿದ್ದೀವಿ, ಇವತ್ತು ಗುಜರಿಗೆ ಹಾಕೋಕಾಗುತ್ತಾ?" ಎನ್ನುತ್ತಿದ್ದರು. ಆಮೇಲೆ ಧನುರ್ಮಾಸ. ಅದಾದ ಮೇಲೆ ಯುಗಾದಿಗೆ ನೋಡೋಣ ಎನ್ನುವುದು. ಯುಗಾದಿ ಬಂದಾಗ ಬಿಸಿಲು. ರಿಪೇರಿಗೆ ಮಾತ್ರ ವರ್ಷದ ಎಲ್ಲ ದಿನಗಳೂ ಶುಭದಿನಗಳೇ.

ತೀರ್ಮಾನ ಕೊನೆಗೆ ಆದದ್ದು ರಸ್ತೆಯಲ್ಲಿ. ಆಷಾಢದ ಒಂದು ದಿನ ಅಕ್ಕನನ್ನು ಹೇಗೋ ಒಪ್ಪಿಸಿ ಕರೆದುಕೊಂಡು ಹೊರಟಿದ್ದೆವು. ಸಿದ್ಧಾರ್ಥನಗರ ದಾಟುವ ಮೊದಲೇ, ತಿರುವಿನಲ್ಲಿ, ಕಾರು ಸದ್ದಿಲ್ಲದೆ ನಿಂತಿತು. ಹಿಂದೆ ಸಿಟಿ ಬಸ್ಸು ಹಾರ್ನ್ ಹೊಡೆಯತೊಡಗಿತು. ಯಜಮಾನರು ಕಣ್ಣು ಮುಚ್ಚಿದರು, ತಟ್ಟಿದರು, ಗೊಣಗಿದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಸಹಜವಾಗಿ, "ಇಳಿದು ಸ್ವಲ್ಪ ತಳ್ಳು" ಎಂದರು.

"ನೀವೇ ತಳ್ಳಿ, ನಾನು ಸ್ಟೀರಿಂಗ್ ಹಿಡ್ಕೋತೀನಿ."

"ನಿನಗೆ ಅದೆಲ್ಲ ಗೊತ್ತಾಗಲ್ಲ ಕಣೇ. ಸೆಕೆಂಡ್ ಗೇರಲ್ಲಿಟ್ಟು ಕರೆಕ್ಟ್ ಟೈಮಿಗೆ ಕ್ಲಚ್ ಬಿಡಬೇಕು. ಬೇಗ ಇಳಿ, ಬಸ್ಸಿನವನು ಬಯ್ತಾನೆ."

ನಾನು ಇಳಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಳ್ಳಿದೆ. ಓಡಿಸಲು ಯೋಗ್ಯತೆ ಇಲ್ಲದವಳು ತಳ್ಳಲು ಯೋಗ್ಯಳಾಗಿದ್ದೆ. ಬಸ್ಸಿನ ಕಂಡಕ್ಟರ್ ಇಳಿದು ಬಂದು ಕೈ ಹಚ್ಚಿದ. ಹಿಂದಿನ ಗಾಜಿನಲ್ಲಿ ಅಕ್ಕನ ಮುಖ ಕಾಣುತ್ತಿತ್ತು. ತಾನು ಭಾರವಾಗಿದ್ದಕ್ಕೇ ತಂಗಿಗೆ ಕಷ್ಟವಾಗುತ್ತಿದೆ ಎಂಬಂತೆ ಅವಳು ಅಳುತ್ತಿದ್ದಳು. ನನಗೆ ಬಂದ ಸಿಟ್ಟಿಗೆ ಆ ಕಾರನ್ನು ಅಲ್ಲಿಂದ ಫಿಸಿಯೋಥೆರಪಿ ಇದ್ದ ಚಾಮರಾಜಪುರದವರೆಗೂ ತಳ್ಳಿಬಿಡುತ್ತಿದ್ದೆ.

ಅವತ್ತು ಮನೆಗೆ ಬಂದು ಹೇಳಿದೆ: "ಹೊಸ ಕಾರು ಬರೋವರೆಗೂ ಈ ಮನೇಲಿ ಕಾಫಿ ಇಲ್ಲ." ಬ್ಯಾಂಕ್ ಮ್ಯಾನೇಜರು ಆ ಕ್ಷಣವೇ ಹೊಸ ಕಾರಿನ ಪಕ್ಷಕ್ಕೆ ಶಾಶ್ವತವಾಗಿ ಸೇರಿದರು. ಆಷಾಢ ಮುಗಿಯುವವರೆಗೂ ಇಬ್ಬರೂ ಬಿಸಿನೀರು ಕುಡಿದುಕೊಂಡಿದ್ದರು.

ಶ್ರಾವಣದಲ್ಲಿ ಕಾರು ಬಂತು, ಗೇರು ಬದಲಾಯಿಸುವ ಗೋಜೇ ಇಲ್ಲದ ಆಟೋಮ್ಯಾಟಿಕ್. ಶೋರೂಮಿನಲ್ಲಿ ಯಜಮಾನರೇ ನನಗೆ ಹೇಳಿದರು: "ಇದನ್ನ ನೀನೂ ಓಡಿಸಬಹುದು. ಮಕ್ಕಳ ಆಟದ ಹಾಗಿದೆ." ನಾನು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ದೇವಸ್ಥಾನದ ಮುಂದೆ ಪೂಜೆಯಾಯಿತು. ಅರ್ಚಕರು ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, "ಹೊರಡಿ" ಎಂದರು. ಯಜಮಾನರ ಎಡಗಾಲು ಇಷ್ಟು ವರ್ಷದ ಅಭ್ಯಾಸದಂತೆ ಕ್ಲಚ್ ಹುಡುಕಿತು. ಅಲ್ಲಿ ಕ್ಲಚ್ ಇರಲಿಲ್ಲ. ಸಿಕ್ಕಿದ್ದು ಬ್ರೇಕು. ಕಾರು ಒಂದು ಮೊಳ ಹೋಗಿ ಧಡಕ್ಕನೆ ನಿಂತಿತು. ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದ್ದ ಗಣಪತಿ ಉರುಳಿ ನನ್ನ ಮಡಿಲಿಗೆ ಬಿದ್ದ. "ನಿಂಬೆಹಣ್ಣು ಇನ್ನೂ ಒಡೆದಿಲ್ಲ, ಇನ್ನೊಂದು ಸಲ" ಎಂದರು ಅರ್ಚಕರು. ಇನ್ನೊಂದು ಸಲವೂ ಹಾಗೆಯೇ ಆಯಿತು. ಮನೆ ತಲುಪುವಷ್ಟರಲ್ಲಿ ಗಣಪತಿಯನ್ನು ನಾನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಅಂದಿನಿಂದ ಹೊಸ ಕಾರು ಪೋರ್ಟಿಕೋದಲ್ಲಿ ಕವರ್ ಹೊದ್ದು ಮಲಗಿತು. ಸೀಟಿನ ಪ್ಲಾಸ್ಟಿಕ್ಕನ್ನೂ ಕಿತ್ತಿರಲಿಲ್ಲ. ಹಳೆ ಕಾರು ಗೇಟಿನಾಚೆ ಹೊಂಗೆ ಮರದ ಕೆಳಗೆ ನಿಂತಿತು. ಎಕ್ಸ್‌ಚೇಂಜಿಗೆ ಕೇಳಿದ ಬೆಲೆ ಅದಕ್ಕೆ ಮಾಡಿದ ಅವಮಾನವೆಂದು ಯಜಮಾನರು ಕೊಟ್ಟಿರಲಿಲ್ಲ. ಹೊಸದು ಹಾಳಾಗಬಾರದೆಂದು ಓಡಾಟಕ್ಕೆಲ್ಲ ಹಳೆಯದನ್ನೇ ತೆಗೆಯುತ್ತಿದ್ದರು. ಉದಯಗಿರಿಯ ಮೆಕ್ಯಾನಿಕ್ ಸಿಹಿ ತಿಂದು ಹೋದ.

ಕೀ ಕೇಳಿದಾಗಲೆಲ್ಲ ಉತ್ತರ ಸಿದ್ಧವಾಗಿತ್ತು. "ಹೊಸ ಗಾಡಿ ಕಣೇ. ಮೊದಲು ನನ್ನ ಕೈ ಒಗ್ಗಲಿ." ಹಳೆಯದನ್ನು ಮುಟ್ಟಬಾರದು, ಯಾಕೆಂದರೆ ಅದು ಹಳೆಯದು. ಹೊಸದನ್ನು ಮುಟ್ಟಬಾರದು, ಯಾಕೆಂದರೆ ಅದು ಹೊಸದು. ನಾನು ಎಷ್ಟೋ ವರ್ಷ ಮಕ್ಕಳಿಗೆ ಸಮೀಕರಣ ಬಿಡಿಸುವುದನ್ನು ಹೇಳಿಕೊಟ್ಟವಳು. ಎರಡು ಕಡೆಯಿಂದಲೂ ಸೊನ್ನೆಯೇ ಬರುವ ಇಂಥದ್ದನ್ನು ಕಂಡಿರಲಿಲ್ಲ.

ಒಂದು ಬೆಳಗ್ಗೆ ಅಕ್ಕನ ಫೋನು ಬಂತು. "ಇವತ್ತು ಬೇಡ ಬಿಡೇ. ಆಟೋಲಿ ಆಗಲ್ಲ ನಂಗೆ, ಹಳೇ ಗಾಡೀಲಿ ನಿನ್ನ ಕೈಲಿ ಮತ್ತೆ ತಳ್ಳಿಸೋಕೂ ಆಗಲ್ಲ. ಮಂಡಿ ಇಷ್ಟೇ ಬಗ್ಗೋದು ಅಂತ ಇದ್ರೆ ಇರಲಿ. ಕೆಳಗೆ ಕೂರೋದು ಬಿಟ್ರಾಯ್ತು." ಹಾಗೆ ಹೇಳುವಾಗ ಅವಳ ದನಿಯಲ್ಲಿ ಬೇಸರವೂ ಇರಲಿಲ್ಲ. ಕೈಚೆಲ್ಲಿಬಿಟ್ಟಿದ್ದಳು.

ಜಗಲಿಗೆ ಬಂದೆ. ಯಜಮಾನರು ಕವರ್ ತೆಗೆದು ಮೆತ್ತನೆಯ ಬಟ್ಟೆಯಿಂದ ಹೊಸ ಕಾರನ್ನು ಒರೆಸುತ್ತಿದ್ದರು. ಬ್ಯಾಂಕ್ ಮ್ಯಾನೇಜರು ಪೇಪರ್ ಓದುತ್ತಾ ಕಾಫಿ ಕುಡಿಯುತ್ತಿದ್ದರು.

"ರೀ, ಕೀ ಕೊಡಿ. ಅಕ್ಕನ್ನ ಕರ್ಕೊಂಡು ಹೋಗ್ಬೇಕು."

"ಇರು, ಪೇಪರ್ ನೋಡಿ ನಾನೇ ಹಳೇ ಗಾಡೀಲಿ ಬರ್ತೀನಿ."

"ಅವಳು ಆ ಗಾಡಿ ಹತ್ತಲ್ಲ. ಇದನ್ನ ಕೊಡಿ."

ಅವರು ಮ್ಯಾನೇಜರ ಕಡೆ ತಿರುಗಿ, ತಿಳಿದವರು ತಿಳಿದವರಿಗೆ ಹೇಳುವ ಧಾಟಿಯಲ್ಲಿ ಹೇಳಿದರು: "ನೋಡಿ, ಇವಳಿಗೆ ಅರ್ಥವಾಗಲ್ಲ. ಹೊಸ ಗಾಡಿಗೆ ಮೊದಲನೇ ಗೀರು ಬೀಳೋವರೆಗೂ ಎದೆ ಢವಢವ ಅಂತಿರುತ್ತೆ. ಒಂದು ಗೀರು ಬಿದ್ಬಿಡ್ಲಿ, ಆಮೇಲೆ ಯಾರು ಬೇಕಾದ್ರೂ ಓಡಿಸ್ಲಿ, ನಂದೇನೂ ಅಭ್ಯಂತರ ಇಲ್ಲ."

"ಅದು ಸರಿಯೇ" ಎಂದರು ಮ್ಯಾನೇಜರು.

ನಾನು ಭುಜದ ಮೇಲಿನ ಸೆರಗಿನ ಪಿನ್ನನ್ನು ಬಿಚ್ಚಿದೆ. ಕಾರಿನ ಹತ್ತಿರ ಹೋದೆ. ಡ್ರೈವರ್ ಬಾಗಿಲಿನ ಹಿಡಿಯ ಕೆಳಗೆ, ಅವರು ಆಗಷ್ಟೇ ಒರೆಸಿ ಹೊಳೆಯುವಂತೆ ಮಾಡಿದ್ದ ಜಾಗದಲ್ಲಿ, ಬೆರಳುದ್ದದ ಒಂದು ಗೀರು ಎಳೆದೆ. ಬೋರ್ಡಿನ ಮೇಲೆ ಎಳೆಯುತ್ತಿದ್ದಷ್ಟೇ ನೇರವಾಗಿ ಬಂತು.

"ಬಿತ್ತು" ಎಂದೆ. "ಈಗ ಕೀ ಕೊಡಿ."

ಮ್ಯಾನೇಜರು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು. ಯಜಮಾನರು ಬಗ್ಗಿ, ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಗೀರನ್ನು ತಿಕ್ಕಿದರು. ಅದು ಹೋಗಲಿಲ್ಲ. ನನಗೆ ಅವರನ್ನು ನೋಡಿ ಪಾಪ ಅನ್ನಿಸಿತು, ಆದರೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳುವಷ್ಟು ಅನ್ನಿಸಲಿಲ್ಲ. ಸಾಕ್ಷಿಯ ಎದುರಿಗೆ ಆಡಿದ ಮಾತು, ಅವರು ಕಟ್ಟುನಿಟ್ಟಿನ ಮನುಷ್ಯರು ಬೇರೆ. ಜೇಬಿನಿಂದ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು. ಗೇಟನ್ನೂ ತೆಗೆದರು.

ಸುಳ್ಳು ಹೇಳುವುದಿಲ್ಲ, ದಾರಿಯಲ್ಲಿ ಹಸು ಕಂಡಾಗ ನನ್ನ ಬಾಯಲ್ಲೂ "ಹಸು" ಎಂದು ಬಂತು. ಹಿಂದಿನವರು ಹಾರ್ನ್ ಹೊಡೆದರು, ನಾನು ನನ್ನ ಪಾಡಿಗೆ ನಿಧಾನವಾಗಿ ಹೋದೆ. ಕಾರಿನಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಜೋರಾಗಿ ನಕ್ಕೆ.

ಸಿದ್ಧಾರ್ಥನಗರದಲ್ಲಿ ಅಕ್ಕ ಕೋಲೂರಿಕೊಂಡು ಗೇಟಿಗೆ ಬಂದಳು. ಒಳಗೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ಅಭ್ಯಾಸಬಲದಿಂದ ನನ್ನ ಬೆನ್ನ ಹಿಂದಿನ ಬಾಗಿಲಿಗೆ ಕೈ ಹಾಕಿದಳು. "ಮುಂದೆ ಬಾ" ಎಂದೆ. ಸುತ್ತಿಕೊಂಡು ಬರುವಾಗ ನನ್ನ ಬಾಗಿಲ ಮೇಲಿನ ಗೀರು ಅವಳ ಕಣ್ಣಿಗೆ ಬಿತ್ತು.

"ಅಯ್ಯೋ, ಇದೇನೇ ಇದು, ಹೊಸ ಗಾಡಿಗೆ?"

"ನಾನೇ ಗೀಚಿದ್ದು."

ಅಕ್ಕ ನನ್ನ ಮುಖ ನೋಡಿದಳು. ನಿಧಾನವಾಗಿ ಮುಂದಿನ ಸೀಟಿನಲ್ಲಿ ಕೂತು, ಆಪರೇಷನ್ ಆದ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು.

"ಪಾಪ ಕಣೇ, ಅವರು ಎಷ್ಟು ಬೇಜಾರು ಮಾಡ್ಕೊಂಡ್ರೋ."

"ಮಾಡ್ಕೊಳ್ಲಿ" ಎಂದೆ. "ನೀನು ಬೆಲ್ಟ್ ಹಾಕ್ಕೋ."