ಬೆರಳಿಗೆ ಕಾಣುವ ಗಡಿಯಾರ

ಸದಾನಂದಣ್ಣ, ಆ ದಿನ ನಿಮ್ಮ ಗಡಿಯಾರ ಸುಳ್ಳು ಹೇಳಿತು, ಹೇಳಿಸಿದವನು ನಾನು. ನಿಮ್ಮ ತಮ್ಮ ರಮೇಶ ತಡ ಮಾಡಿರಲಿಲ್ಲ. ಒಂಬತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡ ಮಾತು — ಬರೆದರೆ ಎರಡೇ ಸಾಲು.

ಉಲ್ಹಾಸನಗರದ ಹಳೇ ಸಾಮಾನಿನ ಅಂಗಡಿಯಿಂದ ಅದನ್ನು ತಂದಾಗ ನಿಮ್ಮ ಕಣ್ಣು ಚೆನ್ನಾಗಿತ್ತು. ಗಾಜಿಲ್ಲ, ಗಂಟೆ ಬಾರಿಸುವುದಿಲ್ಲ. ಅಂಕಿಗಳ ಜಾಗದಲ್ಲಿ ಉಬ್ಬಿದ ಹಿತ್ತಾಳೆ ಗುಂಡುಗಳು, ಹನ್ನೆರಡಕ್ಕೆ ಮಾತ್ರ ಜೋಡಿ. ಮುಳ್ಳು ಒಂದೇ, ಸೌಟಿನ ಹಿಡಿಯಷ್ಟು ಗಟ್ಟಿ. ಹಿಂದಿನವರು ದೀಪ ಹಚ್ಚದೆ ತಡವಿಯೇ ಹೊತ್ತು ತಿಳಿಯಲೆಂದು ಮಾಡಿದ್ದಂತೆ. ಠಾಕುರ್ಲಿಯ ನಿಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ಅದೊಂದು ಆಟದ ಸಾಮಾನು. ಸಕ್ಕರೆ ಕಾಯಿಲೆ ಕಣ್ಣನ್ನು ಒಯ್ದ ಮೇಲೆ ಡೊಂಬಿವಲಿಯ ಮನೆಗೆ, ಮಂಚದ ಪಕ್ಕಕ್ಕೆ ಬಂತು.

ಹೊತ್ತಿನ ವಿಷಯದಲ್ಲಿ ನೀವು ಸುಪ್ರೀಂ ಕೋರ್ಟು. ಮೂರು ಹೊಡೆದ ಮೇಲೆ ಸ್ವಂತ ಭಾವನಿಗೂ ಊಟ ಬಡಿಸದ ಹೋಟೆಲು ನಿಮ್ಮದು. ಅಪ್ಪನ ತಿಥಿಗೆ ಪಿಂಡ ಬಿಟ್ಟಾದ ಮೇಲೆ ಬಂದನೆಂದು ರಮೇಶನ ಜೊತೆ ಆರು ವರ್ಷ ಮಾತು ಬಿಟ್ಟವರು. ಕೊನೆಗೊಮ್ಮೆ ಕರಗಿದಿರಿ. "ಭಾನುವಾರ ನಾಲ್ಕಕ್ಕೆ ಬರ್ಲಿ. ಬಂದ್ರೆ ಕಲ್ಯಾಣಕ್ಕೆ, ಅವನ ಮನೆಗೇ ಹೋಗಿ ಇರ್ತೇನೆ. ತಡ ಮಾಡಿದ್ರೆ ಮುಗೀತು," ಎಂದು ನನ್ನ ಕೈಯಲ್ಲೇ ಹೇಳಿ ಕಳಿಸಿದಿರಿ.

ಕಲ್ಯಾಣವೆಂದರೆ ಎರಡೇ ಸ್ಟೇಷನ್. ಆದರೂ — ನನ್ನ ಹೆಂಡತಿ ತೀರಿಕೊಂಡ ಮೇಲೆ ಪಕ್ಕದ ಮನೆಯ ನನಗಿದ್ದ ಘನ ಉದ್ಯೋಗ ಒಂದೇ: ದಿನಾ ನಿಮಗೆ ಪೇಪರ್ ಓದುವುದು, ಇಬ್ಬರೂ ಸೇರಿ ಸರ್ಕಾರವನ್ನು ಬೈಯುವುದು, ಚಾ ಕುಡಿಯುವುದು. ಅದೂ ಹೋದರೆ... ಇದನ್ನು ಕಾರಣವೆಂದು ಹೇಳುತ್ತಿಲ್ಲ. ನಡೆದದ್ದನ್ನು ಹೇಳುತ್ತಿದ್ದೇನೆ.

ಭಾನುವಾರ ಊಟದ ಮೇಲೆ ನೀವು ಮಲಗಿದ್ದಿರಿ. ನಿಮ್ಮ ಮನೆಯ ಇನ್ನೊಂದು ಕೀ ನನ್ನ ಬಳಿಯೇ ಇತ್ತಲ್ಲ. ಒಳಗೆ ಬಂದೆ, ಮುಳ್ಳನ್ನು ಒಂದು ಗುಂಡು ಮುಂದಕ್ಕೆ ತಳ್ಳಿದೆ. ಕಿರ್ ಎಂದಿತು. ನೀವು ಮಗ್ಗುಲಾದಿರಿ. ನಿಮ್ಮ ಗೊರಕೆ ಮತ್ತೆ ಶುರುವಾದ ಮೇಲೆಯೇ ಮುಳ್ಳಿನಿಂದ ಕೈ ತೆಗೆದೆ.

ಬಾಗಿಲ ಬೆಲ್ ಆಯಿತು. ನೀವು ಎದ್ದವರೇ ಮೊದಲು ಗಡಿಯಾರ ತಡವಿದಿರಿ. ನಾನು ಬಾಗಿಲು ತೆರೆದೆ.

"ಐದಕ್ಕೆ ಬಂದ್ಯಾ? ಪಿಂಡ ಬಿಟ್ಟಾಯ್ತು, ಹೋಗು."

"ಅಣ್ಣಾ, ಈಗ ನಾಲ್ಕೇ! ಬೇಕಾದ್ರೆ ವಾಚ್ ನೋಡು —" ಎಂದು ರಮೇಶ ಕೈ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು.

ನೀವು ನನ್ನ ಕಡೆ ತಿರುಗಿದಿರಿ. "ರಾಯ್ರೇ, ನೀವು ಹೇಳಿ. ಗಂಟೆ ಎಷ್ಟು?"

ರಮೇಶ ನನ್ನನ್ನೇ ನೋಡುತ್ತಿದ್ದ. ನನ್ನ ವಾಚಿನಲ್ಲಿ ನಾಲ್ಕಕ್ಕೆ ಇನ್ನೂ ಎರಡು ನಿಮಿಷವಿತ್ತು.

"ಐದು," ಎಂದೆ.

ಅವನು ಜಗಳಾಡಲಿಲ್ಲ. ಹಠದಲ್ಲಿ ಅವನೂ ನಿಮ್ಮ ತಮ್ಮನೇ. ಬಾಳೆಹಣ್ಣಿನ ಚೀಲವನ್ನು ಹೊಸ್ತಿಲಲ್ಲಿಟ್ಟು ಮೆಟ್ಟಿಲಿಳಿದವನು ಮತ್ತೆ ಈ ಕಡೆ ಬರಲಿಲ್ಲ. ನೀವು ಮುಖ ತೊಳೆಯಲು ಹೋದಾಗ ಮುಳ್ಳನ್ನು ಹಿಂದಕ್ಕೆ ತಂದೆ. ಆಮೇಲೆ ಆ ಹಣ್ಣನ್ನು ಚಾ ಜೊತೆ ತಿಂದೆವು. ನೀವು ಒಂದು, ನಾನು ಎರಡು.

ಮೊನ್ನೆ ಕಲ್ಯಾಣಕ್ಕೆ ಹೋಗಿದ್ದೆ. ರಮೇಶ ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡ. ಈ ಭಾನುವಾರ ನಾಲ್ಕಕ್ಕೆ ಬರುತ್ತಾನೆ. ಮೂರೂವರೆಗೆ, ಪೇಪರಿನ ಬದಲು, ಇದನ್ನು ನಿಮಗೆ ಓದುತ್ತೇನೆ. ನಿಮ್ಮ ಬೆರಳು ಮುಳ್ಳಿನ ಮೇಲೇ ಇರಲಿ. ಓದಿ ಮುಗಿಸಿ ನಿಮ್ಮ ಮನೆಯ ಕೀಯನ್ನು ಗಡಿಯಾರದ ಪಕ್ಕ ಇಡುತ್ತೇನೆ. ತಡವಿದರೆ ಸಿಗುತ್ತದೆ.