ಮೇಜಿನ ಮೇಲಿನ ವಾಗಣಗೇರಾ

ಸುರಪುರದ ಸಭಾಭವನದಲ್ಲಿ ನಾನು ಮೇಜಿನ ಬಡಗಣ ಬದಿಗೆ, ಡ್ರಾಯಿಂಗ್ ಮಾಸ್ತರ ಎಡಕ್ಕೆ ನಿಂತಿದ್ದೆ. ಮಧ್ಯಾಹ್ನದ ಹೊತ್ತು. ಮಾಸ್ತರ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು. ಬೆಳಿಗ್ಗೆ ಮೇಜಿನ ಮೇಲಿನ ಮಣ್ಣಿನ ಬುರುಜೊಂದು ಬಿರುಕು ಬಿಟ್ಟದ್ದನ್ನು ಬೆರಳಿನಿಂದಲೇ ಮೆತ್ತಿ, ಕೈ ತೊಳೆಯದೆ ಬಂದಿದ್ದರು.

ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ಮೇಜಿನ ಮೇಲಿದ್ದುದು ವಾಗಣಗೇರಾ ಕೋಟೆ. ದಿಲ್ಲಿ ಬಾದಶಹನ ಸೈನ್ಯ ಅದಕ್ಕೆ ಹಾಕಿದ ಮುತ್ತಿಗೆಯನ್ನು ಮಾಸ್ತರು ಆಟವಾಗಿ ಕಟ್ಟಿದ್ದರು. ಬೋನಾಳ ಕೆರೆಯ ಜೇಡಿಮಣ್ಣಿನ ಸೈನಿಕರು, ಬಿದಿರಿನ ತೋಪುಗಳು. ಇಬ್ಬರು ಎದುರುಬದುರು ನಿಂತು, ಸರದಿಯಂತೆ ದಾಳ ಹಾಕಿ ಸೈನ್ಯ ನಡೆಸಬೇಕು. ಕೋಟೆಯೊಳಗೆ ಶಹಾಪುರದಿಂದ ತಂದ ಹತ್ತಿಕಾಳು. ಅವು ಜನ: ಹೆಂಗಸರು, ಮುದುಕರು, ಕೂಸುಗಳು. ಗೋಡೆ ಉಳಿಸಿಕೊಂಡರೆ ಕೋಟೆಯವನಿಗೆ ಗೆಲುವಲ್ಲ. ಕಾಳುಗಳನ್ನು ಹಿಂದಿನ ಕಣಿವೆಯಿಂದ ದಾಟಿಸಿದರೆ ಗೆಲುವು. ಕೋಟೆ ಬಿದ್ದಾಗ ಒಳಗಿನವರು ಹಾಗೆಯೇ ಪಾರಾದರೆಂದು ಮಾಸ್ತರು ಓದಿ ತಿಳಿದಿದ್ದರು. ಕೋಟೆ ಗುಡ್ಡದ ಇಳಿಜಾರು ಸರಿಯಾಗಿ ಬರಬೇಕೆಂದು ರವಿವಾರ ಬಸ್ಸು ಹತ್ತಿ ಹೋಗಿ, ಹಗ್ಗ ಹಿಡಿದು ಅಳೆದು ಬರುತ್ತಿದ್ದರು. ಆ ಹಗ್ಗದ ಇನ್ನೊಂದು ತುದಿ ಹಿಡಿಯುತ್ತಿದ್ದವರು ಅವರ ಮಗಳು.

ನಾನು ಅವರ ಪಕ್ಕದ ಮನೆಯವನು. ಸಂಜೆ ಅವರ ಪಡಸಾಲೆಯಲ್ಲಿ ಆಟ ನಡೆಯುತ್ತಿತ್ತು. ಬಾದಶಹನ ಕಡೆ ಆಡಲು ಊರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಮಾಸ್ತರು ನನ್ನನ್ನು ಹಿಡಿದರು: "ನೀ ಒಬ್ಬನರ ವೈರಿ ಆಗಪಾ. ವೈರಿ ಇಲ್ಲದ ಲಡಾಯಿ ಹ್ಯಾಂಗ ಆಡೂದು?" ಕೋಟೆಯ ಕಡೆ ಕೆಂಭಾವಿಯ ಕಾಳಿನ ವ್ಯಾಪಾರಿ, ನಾವೆಲ್ಲ ಸಾವ್ಕಾರ ಎನ್ನುತ್ತಿದ್ದವರು. ನಾನು ಯೋಚಿಸುತ್ತ ಕುಳಿತರೆ ಅವರು ಬಿಡುತ್ತಿರಲಿಲ್ಲ. "ಏ ಬಾದಶಾ, ತೋಪ ಹಾರಸೋ ಮಾರಾಯಾ. ಚಾ ಆರಾಕತ್ತೈತಿ!" ಅವರು ಗೋಡೆಗೆ ಅಂಟಿಕೊಂಡು ಸೋತಾಗಲೆಲ್ಲ ಮಾಸ್ತರು ಹೇಳುತ್ತಿದ್ದುದು ಒಂದೇ: "ಗ್ವಾಡಿ ನೋಡಬ್ಯಾಡ್ರಿ ಸಾವ್ಕಾರ, ಮಂದಿ ನೋಡ್ರಿ."

ಕೋಟೆಯ ಸ್ಮರಣೆಯ ಕಾರ್ಯಕ್ರಮದಲ್ಲಿ ಆಟ ತೋರಿಸಿ ಎಂದು ಅದನ್ನು ನಡೆಸುವ ಸಮಿತಿ ಕರೆಯಿತು. ಚೆನ್ನಾಗಿ ನಡೆದರೆ ಮೇಜಿಗೆ ಭವನದಲ್ಲೇ ಒಂದು ಖೋಲಿ ಕಾಯಂ ಕೊಡುವುದಾಗಿ ಮಾತು ಕೊಟ್ಟಿತು. ತಮ್ಮ ನಂತರವೂ ಆಟ ಉಳಿಯಲಿ ಎಂಬುದೊಂದೇ ಮಾಸ್ತರ ಆಸೆ. ಆಟಕ್ಕೆ ಮೊದಲು ಅವರು ಮೈಕಿನಲ್ಲಿ ನಿಯಮ ಹೇಳಿದರು. ಮುಂದಿನ ಸಾಲಿನವರಿಗೆ ಆಗ ಹಾರ ಹಾಕುತ್ತಿದ್ದರು. ಯಾರೂ ಕೇಳಲಿಲ್ಲ.

ಅಂದು ದಾಳ ನನಗೆ ಒಲಿಯಿತು. ಬುರುಜು ಬಿತ್ತು. ನಿಯಮದಂತೆ ಕೋಟೆಯ ನಿಶಾನೆ ತೆಗೆದು ಬಾದಶಹನದನ್ನು ಚುಚ್ಚಿದೆ. ಸಾವ್ಕಾರರು ನಗುತ್ತಿದ್ದರು, ಏಕೆಂದರೆ ಹತ್ತಿಕಾಳು ಮುಕ್ಕಾಲು ಪಾಲು ಕಣಿವೆ ದಾಟಿದ್ದವು. ಇನ್ನೊಂದು ಸರದಿಗೆ ಅವರ ಗೆಲುವಿತ್ತು.

ಸಮಿತಿಯ ಅಧ್ಯಕ್ಷರು ಎದ್ದು ಬಂದರು. ಅವರು ನೋಡಿದ್ದು ನಿಶಾನೆಯನ್ನು.

"ನಮ್ಮ ಕ್ವಾಟಿ ಮ್ಯಾಲೆ ಅವರ ನಿಶಾನಿ ಹಚ್ಚಾಕ ಕರದೀವೇನ್ರಿ ನಿಮ್ಮನ್ನ?"

"ಇನ್ನಾ ಮುಗದಿಲ್ರಿ ಸಾಹೇಬ್ರ," ಎಂದರು ಮಾಸ್ತರು. "ಮಂದಿ ಹೊಂಟಾರ, ಇಲ್ಲಿ ನೋಡ್ರಿ."

"ನಮ್ಮೋರು ಓಡಿ ಹೋದ್ರಂತ ತೋರಸ್ತೀರಿ?"

"ಓಡಿ ಹೋಗಲಿಲ್ರಿ, ಉಳದ್ರು. ಅದಕ್ಕ ಇವತ್ತ ನಾವೂ ನೀವೂ ಅದೀವಿ."

ಅಧ್ಯಕ್ಷರು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು ಎತ್ತಿ ಉರುಳಿಸಿದರು. ಜನರ ನೂಕುನುಗ್ಗಲಿನಲ್ಲಿ ಬಿತ್ತೆಂದು ಸಮಿತಿಯವರು ಆಮೇಲೆ ಹೇಳಿದ್ದು ಸುಳ್ಳು. ಆಗ ಅಲ್ಲಿ ನೂಕುನುಗ್ಗಲು ಇರಲಿಲ್ಲ. ಮೇಜು ಬಿದ್ದ ಮೇಲೆ ಚಪ್ಪಾಳೆ ಬಿತ್ತು, ಜನ ಒತ್ತಿ ಬಂದರು. ಮಾಸ್ತರು ಮೊಣಕಾಲೂರಿ ಕುಳಿತು ಜನರ ಕಾಲುಗಳ ನಡುವೆ ಹತ್ತಿಕಾಳು ಆರಿಸತೊಡಗಿದರು. ಸೈನಿಕರನ್ನು ಮುಟ್ಟಲಿಲ್ಲ. ಯಾರದೋ ಬೂಟು ಅವರ ಬೆರಳಿನ ಮೇಲೆ ಬಿತ್ತು. ಮೇಜಿನ ಬಳಿಯೇ ಇದ್ದ ಮಗಳು ರಟ್ಟೆ ಹಿಡಿದು ಎಬ್ಬಿಸಿದರು.

ಕೆಲವು ವಾರಗಳ ಬಳಿಕ ಸಮಿತಿಯಿಂದ ಒಬ್ಬರು ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. "ದಾಳ ಬ್ಯಾಡ್ರಿ ಮಾಸ್ತರ. ಕ್ವಾಟಿ ಬೀಳದಂಗ ಮಾಡಿಕೊಡ್ರಿ, ಖೋಲಿ ಕೊಡ್ತೀವಿ."

"ಹಂಗಾದ್ರ ಆ ಮಂದೀನ ಎಲ್ಲಿಡ್ಲಿ?" ಎಂದರು ಮಾಸ್ತರು. ಬಂದವರಿಗೆ ಅರ್ಥವಾಗಲಿಲ್ಲ. ಚಹಾ ಕುಡಿದು ಹೋದರು.

ಮಾಸ್ತರು ಮತ್ತೆ ಮಣ್ಣು ಮುಟ್ಟಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ತೀರಿಕೊಂಡರು. ಶ್ರದ್ಧಾಂಜಲಿ ಸಭೆ ನಡೆದದ್ದು ಅದೇ ಭವನದಲ್ಲಿ. ಅಧ್ಯಕ್ಷರೇ ಮಾತಾಡಿದರು: ನಮ್ಮ ಕೋಟೆ ಎಂದೂ ಬೀಳಲಿಲ್ಲ ಎಂಬುದನ್ನು ಮಾಸ್ತರು ಆಟವಾಡಿ ಜನಕ್ಕೆ ತೋರಿಸಿಕೊಟ್ಟರು ಎಂದರು. ಅಂದಿನಂತೆಯೇ ಚಪ್ಪಾಳೆ ಬಿತ್ತು. ಮಗಳು ಎದ್ದು ಹೊರಗೆ ಹೋದರು.

ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಕೋಟೆ ಬಿದ್ದದ್ದನ್ನು, ಜನ ದಾಟುತ್ತಿದ್ದುದನ್ನು, ಮೇಜು ಉರುಳಿದ್ದನ್ನು ಹತ್ತಿರದಿಂದ ಕಂಡು ಇಂದಿಗೂ ಬದುಕಿರುವವರು: ಕೆಂಭಾವಿಯ ಸಾವ್ಕಾರರು, ಕಣ್ಣು ಮಂಜಾಗಿದೆ, ಕೇಳಿದರೆ ಹೇಳುತ್ತಾರೆ. ಶಹಾಪುರದಲ್ಲಿರುವ ಮಾಸ್ತರ ಮಗಳು, ಅವರನ್ನು ಕೇಳಬೇಡಿ. ನಾನು. ಮತ್ತೆ ಅಧ್ಯಕ್ಷರು.